ಹುಲಿ ಇರುವ ಕಥೆ, ಮರಳು ಇರುವ ಕಥೆ

'ಲೈಫ್ ಆಫ್ ಪೈ' ಓದಿದವರಿಗಿಂತ ನೋಡಿದವರೇ ಜಾಸ್ತಿ. ಯಾನ್ ಮಾರ್ಟೆಲ್ ಬರೆದ ಈ ಕಾದಂಬರಿ ಬಂದಿದ್ದು 2001ರಲ್ಲಿ, ಮರುವರ್ಷವೇ ಬೂಕರ್ ಸಿಕ್ಕಿತು, 2012ರಲ್ಲಿ ಆಂಗ್ ಲೀ ಸಿನಿಮಾ ಮಾಡಿದರು. ಹಡಗು ಮುಳುಗುತ್ತೆ. ಪಾಂಡಿಚೇರಿಯ ಝೂ ಮಾಲೀಕನ ಮಗ ಪೈ ಪಟೇಲ್ ಪೆಸಿಫಿಕ್ ಸಾಗರದ ಮೇಲೆ ಒಂದು ಲೈಫ್‌ಬೋಟಿನಲ್ಲಿ 227 ದಿನ ಬದುಕ್ತಾನೆ, ಜೊತೆಗೆ ರಿಚರ್ಡ್ ಪಾರ್ಕರ್ ಅನ್ನೋ ಹುಲಿ. ಇಷ್ಟು ಎಲ್ಲರಿಗೂ ನೆನಪಿರುತ್ತೆ. ಆದರೆ ಇಡೀ ಪುಸ್ತಕ ನಿಂತಿರೋದು ಕೊನೆಯ ಕೆಲವು ಪುಟಗಳ ಮೇಲೆ. ಹಡಗು ಯಾಕೆ ಮುಳುಗಿತು ಅಂತ ಪತ್ತೆ ಹಚ್ಚೋಕೆ ಜಪಾನಿನಿಂದ ಇಬ್ಬರು ಅಧಿಕಾರಿಗಳು ಬರ್ತಾರೆ. ನಮ್ಮ ಆಫೀಸು ಭಾಷೆಯಲ್ಲಿ ಹೇಳೋದಾದ್ರೆ ರೂಟ್ ಕಾಸ್ ಅನಾಲಿಸಿಸ್ ಮಾಡೋಕೆ ಬಂದ ಟೀಮು. ಹುಡುಗ ಹುಲಿಯ ಕಥೆ ಹೇಳ್ತಾನೆ, ಅವರು ನಂಬಲ್ಲ. ಸರಿ ಹಾಗಾದ್ರೆ ಅಂತ ಪ್ರಾಣಿಗಳೇ ಇಲ್ಲದ ಇನ್ನೊಂದು ಕಥೆ ಹೇಳ್ತಾನೆ. ಅದರಲ್ಲಿ ಒಬ್ಬ ಅಡುಗೆಯವನು, ಒಬ್ಬ ನಾವಿಕ, ತಾಯಿ, ಮಗ. ಕೊಲೆ, ನರಮಾಂಸ. ಎರಡರಲ್ಲಿ ಯಾವುದನ್ನೂ ಸಾಬೀತು ಮಾಡೋಕಾಗಲ್ಲ, ಎರಡರಲ್ಲೂ ಹಡಗು ಮುಳುಗಿದ್ದಕ್ಕೆ ಕಾರಣ ಇಲ್ಲ. ನಿಮಗೆ ಯಾವುದು ಹಿಡಿಸ್ತು ಅಂತ ಹುಡುಗ ಕೇಳಿದಾಗ ಇಬ್ಬರೂ ಹುಲಿ ಇರೋದನ್ನೇ ಆರಿಸ್ತಾರೆ. ಕೊನೆಗೆ ಸಲ್ಲಿಸಿದ ವರದಿಯಲ್ಲೂ ಹುಲಿ ಇದೆ.

ದೇವರನ್ನು ನಂಬೋದೂ ಹೀಗೇ ಅನ್ನೋದು ಕಾದಂಬರಿಯ ಸೂಚನೆ. ನನ್ನ ಓರಗೆಯವರಿಗೆ ಇದು ಬಹಳ ಇಷ್ಟವಾದ ಮಾತು. ಪೂಜೆ ಬಿಟ್ಟಿರ್ತೀವಿ, ಆದರೆ ಪೂರ್ತಿ ನಾಸ್ತಿಕ ಅಂತ ಹೇಳಿಕೊಳ್ಳೋಕೆ ಮನಸ್ಸು ಬರಲ್ಲ, ಅಂಥವರಿಗೆ ಹೇಳಿ ಮಾಡಿಸಿದ ಉತ್ತರ. ನಂಬಿಕೆ ಅಂದರೆ ಎರಡು ಕಥೆಗಳಲ್ಲಿ ಚೆನ್ನಾಗಿರೋದನ್ನ ಆರಿಸಿಕೊಳ್ಳೋದು, ಅಷ್ಟೇ ತಾನೆ ಅಂತ ನನ್ನ ಗೆಳೆಯನೊಬ್ಬ ಕ್ಯಾಂಟೀನಿನಲ್ಲಿ ಕೂತು ಹೇಳಿದ್ದ. ನನಗೆ ಅದು ಅಷ್ಟು ಸಲೀಸಾಗಿ ಗಂಟಲಲ್ಲಿ ಇಳಿಯಲಿಲ್ಲ. ಆ ದೋಣಿಯ ಕಥೆ ಹೇಳಿದವನು ದಡ ಮುಟ್ಟಿದವನು. ಮುಟ್ಟದೇ ಹೋದವರು ಯಾವ ಕಥೆ ಹೇಳ್ತಿದ್ದರೋ?

ಹುಲಿಯ ಹೆಸರನ್ನೇ ನೋಡಿ. 1838ರಲ್ಲಿ ಎಡ್ಗರ್ ಅಲನ್ ಪೋ ಬರೆದ ಒಂದು ಸಮುದ್ರದ ಕಾದಂಬರಿಯಲ್ಲಿ ರಿಚರ್ಡ್ ಪಾರ್ಕರ್ ಅನ್ನೋ ನಾವಿಕನನ್ನು ಜೊತೆಯವರು ಚೀಟಿ ಎತ್ತಿ ಕೊಂದು ತಿಂತಾರೆ. ಅದಾದ 46 ವರ್ಷಕ್ಕೆ, 1884ರಲ್ಲಿ, ಇಂಗ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಹೊರಟ ಮಿನ್ಯೊನೆಟ್ ಅನ್ನೋ ಹಡಗು ಅಟ್ಲಾಂಟಿಕ್ಕಿನಲ್ಲಿ ಮುಳುಗಿತು. ದೋಣಿಯಲ್ಲಿ ಉಳಿದ ನಾಲ್ವರಲ್ಲಿ 17 ವರ್ಷದ ಆಳುಹುಡುಗನನ್ನು ಉಳಿದವರು ಕೊಂದು ತಿಂದರು. ಅವನ ನಿಜವಾದ ಹೆಸರೂ ರಿಚರ್ಡ್ ಪಾರ್ಕರ್. ಬದುಕಿ ಬಂದವರ ಮೇಲೆ ನಡೆದ ಮೊಕದ್ದಮೆಯನ್ನು ಇವತ್ತಿಗೂ ಲಾ ಕಾಲೇಜಿನಲ್ಲಿ ಪಾಠ ಮಾಡ್ತಾರೆ. ಅಂದರೆ ಇತಿಹಾಸದಲ್ಲಿ ಆಹಾರವಾದ ಹುಡುಗನ ಹೆಸರು ಕಾದಂಬರಿಯಲ್ಲಿ ಬೇಟೆಗಾರನಿಗೆ ಬಂದಿದೆ. ಚೆನ್ನಾಗಿರೋ ಕಥೆಯ ಅಡಿಯಲ್ಲಿ ಒಂದು ಹೆಣ ಇದೆ, ಹೆಸರಿನ ರೂಪದಲ್ಲಿ ಮಾತ್ರ.

ಮೈಸೂರಿನಲ್ಲಿ ಇರೋರಿಗೆ ಇಂಥ ಕಥೆಗೆ ಪೆಸಿಫಿಕ್‌ವರೆಗೆ ಹೋಗಬೇಕಿಲ್ಲ. ನಮ್ಮದೇ ಅಲಮೇಲಮ್ಮ ಇದ್ದಾಳೆ.

ಕಥೆ ನಿಮಗೆ ಗೊತ್ತಿರುತ್ತೆ, ಆದರೂ ಒಂದು ಸಲ. ವಿಜಯನಗರದ ಅರಸರ ಪ್ರತಿನಿಧಿಯಾಗಿ ಶ್ರೀರಂಗಪಟ್ಟಣವನ್ನು ಆಳ್ತಿದ್ದವನು ತಿರುಮಲರಾಜ, ಶ್ರೀರಂಗರಾಯ ಅಂತಲೂ ಕರೀತಾರೆ. ಅವನಿಗೆ ಬೆನ್ನುಫಣಿ, ಅಂದರೆ ಬೆನ್ನಿನ ಮೇಲೆ ಏಳೋ ಕೆಟ್ಟ ಹುಣ್ಣು. (ಇವತ್ತಿನ ಡಾಕ್ಟರಾದರೆ ಮೊದಲು ಶುಗರ್ ಟೆಸ್ಟ್ ಬರೆದುಕೊಡ್ತಿದ್ದರು.) ವಾಸಿಯಾಗಲಿ ಅಂತ ತಲಕಾಡಿನ ವೈದ್ಯೇಶ್ವರನ ಸನ್ನಿಧಿಗೆ ಹೋದ, ಅಲ್ಲೇ ತೀರಿಕೊಂಡ. ಶ್ರೀರಂಗಪಟ್ಟಣ ಮೈಸೂರಿನ ರಾಜ ಒಡೆಯರ ಕೈಗೆ ಬಂತು. ವಿಧವೆ ಅಲಮೇಲಮ್ಮ ತಲಕಾಡಿನ ಪಕ್ಕದ ಮಾಲಂಗಿಯಲ್ಲಿ ಉಳಿದಳು. ಅವಳ ಹತ್ತಿರ ಇದ್ದ ಒಡವೆಗಳನ್ನು ಶ್ರೀರಂಗಪಟ್ಟಣದ ರಂಗನಾಯಕಿ ಅಮ್ಮನವರಿಗೆ ಮಂಗಳವಾರ, ಶುಕ್ರವಾರ ತೊಡಿಸೋ ರೂಢಿ ಇತ್ತು. ಒಡವೆ ಕೊಡು ಅಂತ ಮೈಸೂರಿನಿಂದ ಹೇಳಿಕಳಿಸಿದರು. ಮುತ್ತಿನ ಮೂಗುತಿಯೊಂದನ್ನು ಕೊಟ್ಟಳು, ಉಳಿದದ್ದು ಕೊಡಲಿಲ್ಲ. ಸೈನಿಕರು ಬಂದರು. ಅವಳು ಒಡವೆ ಸಮೇತ ಕಾವೇರಿಗೆ ಹಾರಿದಳು. ಹಾರೋ ಮುಂಚೆ ಮೂರು ಶಾಪ: ತಲಕಾಡು ಮರಳಾಗಬೇಕು, ಮಾಲಂಗಿಯಲ್ಲಿ ನದಿ ಮಡುವಾಗಬೇಕು, ಮೈಸೂರಿನ ದೊರೆಗಳಿಗೆ ಮಕ್ಕಳಾಗಬಾರದು.

ನಮ್ಮೂರು ಇರೋದು ತಿ. ನರಸೀಪುರ ತಾಲ್ಲೂಕಿನಲ್ಲೇ, ತಲಕಾಡು ನಮಗೆ ಜಾತ್ರೆಯ ಊರು, ಪಿಕ್‌ನಿಕ್ ಸ್ಪಾಟ್ ಅಲ್ಲ. ಹಾಗಾಗಿ ಈ ಕಥೆ ನನಗೆ ಪುಸ್ತಕದಿಂದ ಬಂದಿದ್ದಲ್ಲ, ಅಜ್ಜಿಯಿಂದ ಬಂದಿದ್ದು. ಪುಸ್ತಕದಲ್ಲಿ ಓದೋಕೆ ಶುರು ಮಾಡಿದ್ದು ಬಿಇ ಮುಗಿಸಿ ಮೈಸೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ. ಓದ್ತಾ ಹೋದ ಹಾಗೆ ಒಂದು ವಿಚಿತ್ರ ಕಾಣಿಸ್ತು. ಇಲ್ಲೂ ಎರಡು ಕಥೆ ಇದೆ. ಮರಳಿನ ವಿಷಯಕ್ಕಲ್ಲ, ಅದು ಆಮೇಲೆ. ಶ್ರೀರಂಗಪಟ್ಟಣ ಮೈಸೂರಿನವರ ಕೈಗೆ ಹೇಗೆ ಬಂತು ಅನ್ನೋ ವಿಷಯಕ್ಕೆ.

ಒಂದನೇ ಕಥೆ ಸೌಮ್ಯವಾದದ್ದು. ಕಾಯಿಲೆ ಬಿದ್ದ ತಿರುಮಲರಾಜ ತಾನೇ ರಾಜ ಒಡೆಯರನ್ನು ನಂಬಿ ರಾಜ್ಯದ ಉಸ್ತುವಾರಿ ಒಪ್ಪಿಸಿ ತಲಕಾಡಿಗೆ ಹೊರಟ. ಜಗಳ ಇಲ್ಲ, ರಕ್ತ ಇಲ್ಲ. ಚಾರ್ಜ್ ಹ್ಯಾಂಡೋವರ್ ಮಾಡಿ ಮೆಡಿಕಲ್ ಲೀವ್ ಹಾಕಿದ ಹಾಗೆ. ಲೂಯಿಸ್ ರೈಸ್ ತನ್ನ ಮೈಸೂರು ಗ್ಯಾಸೆಟಿಯರಿನಲ್ಲಿ ದಾಖಲಿಸಿರೋ ಕಥೆಯಲ್ಲಿ ಇದರ ಇನ್ನೊಂದು ರೂಪ ಇದೆ: ಗಂಡ ತಲಕಾಡಿಗೆ ಹೋದಾಗ ಆಡಳಿತ ನೋಡಿಕೊಳ್ತಿದ್ದವಳು ರಾಣಿ, ಗಂಡನಿಗೆ ಸಾವು ಹತ್ತಿರ ಬಂದಿದೆ ಅಂತ ಗೊತ್ತಾದಾಗ ಅವಳೇ ಕೋಟೆಯನ್ನು ರಾಜ ಒಡೆಯರಿಗೆ ಬಿಟ್ಟು ಹೊರಟಳು. ರೈಸ್ ಕೊಡೋ ಹೆಸರು ಅಲಮೇಲಮ್ಮ ಅಲ್ಲ, ರಂಗಮ್ಮ. ಎರಡನೇ ಹೆಂಡತಿ ಅಂತ ಬರೀತಾನೆ. ಅವನ ಕಥೆಯಲ್ಲಿ ಮೂಗುತಿಯನ್ನು ಅರಮನೆಗೆ ಕೊಡೋದೂ ಇಲ್ಲ. ದೊರೆಗೆ ಬೇಕಾಗಿದ್ದೇ ಆ ಮೂಗುತಿ, ಅವಳು ಅದನ್ನು ನದಿಗೆ ಎಸೆದು ತಾನೂ ಮುಳುಗ್ತಾಳೆ.

ಎರಡನೇ ಕಥೆ ಯುದ್ಧದ್ದು. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ತನ್ನ ಇತಿಹಾಸದ ಮೊದಲ ಸಂಪುಟ ಪ್ರಕಟಿಸಿದ. 1610ರ ಈ ಘಟನೆಗೆ ಬಂದಾಗ ಅವನಿಗೆ ತಲೆ ಕೆಟ್ಟಿದೆ. ಒಂದೊಂದು ಹಸ್ತಪ್ರತಿ ಒಂದೊಂದು ಥರ ಹೇಳ್ತಿದೆ, ಒಳಸಂಚು ಎಷ್ಟು ಗೋಜಲಾಗಿತ್ತು ಅಂದರೆ ಆ ಕಾಲದವರಿಗೇ ಬಿಡಿಸೋಕಾಗಿಲ್ಲ ಅನ್ನೋ ಅರ್ಥದಲ್ಲಿ ಬರೀತಾನೆ. ಆದರೆ ಒಂದು ವಿಷಯದಲ್ಲಿ ಮುಲಾಜಿಲ್ಲ. ತಿರುಮಲರಾಜನಿಗೂ ರಾಜ ಒಡೆಯರಿಗೂ ವರ್ಷಗಟ್ಟಲೆ ಹಗೆ ಇತ್ತು, ಸ್ವಲ್ಪ ಕಾಲದ ಹಿಂದಷ್ಟೇ ಅವನು ಇವರನ್ನು ಕೊಲ್ಲಿಸೋಕೆ ನೋಡಿದ್ದ. ಅಂಥವನು ಪ್ರೀತಿಯಿಂದ ರಾಜ್ಯವನ್ನೇ ಕೈಗಿಟ್ಟು ಹೋದ ಅನ್ನೋದನ್ನು ನಂಬೋಕಾಗಲ್ಲ ಅಂತ ತಳ್ಳಿಹಾಕ್ತಾನೆ. 1940ರ ದಶಕದಲ್ಲಿ ಮೈಸೂರಿನ ಇತಿಹಾಸವನ್ನು ಮೂರು ಸಂಪುಟಗಳಲ್ಲಿ ಬರೆದ ಸಿ. ಹಯವದನರಾಯರು ಕೂಡ ಈ ಆಕರಗಳನ್ನೆಲ್ಲ ಎದುರುಬದುರು ಇಟ್ಟು ತೂಗಿದ್ದಾರೆ.

ಈಗ ಜಪಾನಿನ ಅಧಿಕಾರಿಗಳ ಕುರ್ಚಿಯಲ್ಲಿ ನಾವು ಕೂತಿದ್ದೀವಿ ಅಂದುಕೊಳ್ಳಿ. ಯಾವ ಕಥೆ ಚೆನ್ನಾಗಿದೆ? ಒಂದನೇದು ತಾನೆ. ಎಲ್ಲರೂ ಒಳ್ಳೆಯವರು, ಎಲ್ಲರೂ ದೈವಭಕ್ತರು. ಆದರೆ ಒಂದನೇ ಕಥೆಗೆ ಒಂದು ಬಗ್ ಇದೆ. ಎಲ್ಲವೂ ಒಪ್ಪಿಗೆಯಿಂದಲೇ ನಡೆದಿದ್ದರೆ ಆ ಹೆಂಗಸು ಯಾಕೆ ನದಿಗೆ ಹಾರಿದಳು? ಇಷ್ಟು ಸ್ನೇಹದ ಹಸ್ತಾಂತರದ ಕೊನೆಗೆ ಸೈನಿಕರು ಒಂದು ವಿಧವೆಯ ಮನೆ ಬಾಗಿಲಿಗೆ ಯಾಕೆ ಬಂದರು? ಸೌಮ್ಯ ಕಥೆಯೊಳಗೆ ಹೊಂದದೇ ಉಳಿದ ಚೂರು ಅದು. ಪೈನ ಕಥೆಯಲ್ಲಿ ಹುಲಿ ಬಂದು ಕೊಲೆಯನ್ನು ಮುಚ್ಚುತ್ತೆ. ನಮ್ಮ ಕಥೆಯಲ್ಲಿ ಶಾಪ ಅನ್ನೋ ಪವಾಡ ಬಂದು ಬಲಪ್ರಯೋಗವನ್ನು ಬಿಚ್ಚಿಡುತ್ತೆ. ಪವಾಡವನ್ನು ತೆಗೆದುಹಾಕಿ ಶುದ್ಧ ಇತಿಹಾಸ ಬರೀತೀನಿ ಅಂತ ಹೊರಟರೆ ಅವಳೂ ಜೊತೆಗೇ ಹೊರಟುಹೋಗ್ತಾಳೆ. ಆಮೇಲೆ ಉಳಿಯೋದು ಫೆಬ್ರವರಿ 1610, ಕೋಟೆ ವಶ, ಅಷ್ಟೇ.

ಇದಕ್ಕಿಂತ ನನಗೆ ಆಶ್ಚರ್ಯ ಅನ್ನಿಸೋದು, ಈ ಶಾಪದ ಕಥೆಯನ್ನು ಉಳಿಸಿಕೊಂಡು ಬಂದವರಲ್ಲಿ ಶಾಪ ತಗೊಂಡ ಮನೆಯೂ ಸೇರಿದೆ. ರಾಜ ಒಡೆಯರು ಪಶ್ಚಾತ್ತಾಪದಿಂದ ಅಲಮೇಲಮ್ಮನ ವಿಗ್ರಹ ಮಾಡಿಸಿ ಅರಮನೆಯಲ್ಲಿಟ್ಟು ಪೂಜಿಸಿದರು ಅಂತ ಪರಂಪರೆ ಹೇಳುತ್ತೆ, ದಸರೆಯ ಹೊತ್ತಿನಲ್ಲಿ ಆ ವಿಗ್ರಹಕ್ಕೆ ಪೂಜೆ ಸಲ್ಲೋದು ಈಗಲೂ ನಿಂತಿಲ್ಲ. ಗೆದ್ದವರು ತಮ್ಮ ಇತಿಹಾಸ ತಾವೇ ಬರೆದುಕೊಳ್ತಾರೆ ಅಂತ ನಾವು ಸುಲಭವಾಗಿ ಹೇಳ್ತೀವಿ. ಇಲ್ಲಿ ಗೆದ್ದವರು ತಾವು ಸಾಯಿಸಿದ ಹೆಂಗಸನ್ನು ಮನೆಯೊಳಗಿಟ್ಟು ಆರತಿ ಎತ್ತಿದ್ದಾರೆ. ಭಯದಿಂದಲೋ, ಭಕ್ತಿಯಿಂದಲೋ, ಎರಡನ್ನೂ ಬೇರೆ ಮಾಡೋಕಾಗುತ್ತಾ ಅನ್ನೋದೇ ನನ್ನ ಅನುಮಾನ.

ಇನ್ನು ಶಾಪಗಳಿಗೆ ಬರೋಣ. ಮೂರನ್ನೂ ಒಂದೊಂದಾಗಿ ಚೆಕ್ ಮಾಡೋ ಚಪಲ ನನ್ನ ಕಸುಬಿನದು.

ತಲಕಾಡಿನ ಮರಳು ಕಣ್ಣೆದುರೇ ಇದೆ. ಗಂಗರ ರಾಜಧಾನಿ, ಆಮೇಲೆ ಚೋಳರ ರಾಜರಾಜಪುರ, ಅವರಿಂದ ಹೊಯ್ಸಳ ವಿಷ್ಣುವರ್ಧನ ಗೆದ್ದು ತಲಕಾಡುಗೊಂಡ ಅನ್ನೋ ಬಿರುದು ಇಟ್ಟುಕೊಂಡು ಕೀರ್ತಿನಾರಾಯಣನ ದೇವಸ್ಥಾನ ಕಟ್ಟಿಸಿದ. ಇಷ್ಟು ದೊಡ್ಡ ಊರು ದಿಬ್ಬದ ಕೆಳಗೆ ಹೋಯಿತು. ಮರಳಿನಡಿ 30ಕ್ಕೂ ಹೆಚ್ಚು ದೇವಸ್ಥಾನ ಇವೆ, ಮರಳು ವರ್ಷಕ್ಕೆ 9-10 ಅಡಿ ಊರಿನ ಕಡೆಗೆ ನುಗ್ಗುತ್ತಿದೆ ಅಂತ ರೈಸ್ ತನ್ನ ಕಾಲದಲ್ಲಿ ಬರೆದಿದ್ದಾನೆ. ವರ್ಷಕ್ಕೆ 10 ಅಡಿ ಅಂದರೆ ಒಬ್ಬ ಮನುಷ್ಯನ ಆಯಸ್ಸಿನಲ್ಲಿ ಒಂದು ಬೀದಿಯೇ ಹೋಗುತ್ತೆ. ಮನೆ ಬಿಟ್ಟು ಹಿಂದೆ ಹಿಂದೆ ಸರಿದು ಕಟ್ಟಿಕೊಂಡ ಜನರಿಗೆ ಇದು ಬರೀ ಗಾಳಿ, ಬರೀ ಭೂಗೋಳ ಅಂತ ಹೇಳಿದರೆ ಸಮಾಧಾನ ಆಗ್ತಿರಲಿಲ್ಲ. ಯಾರದೋ ಕಣ್ಣೀರು ಇದೆ ಅಂದರೆ ಕನಿಷ್ಠ ಒಂದು ಲೆಕ್ಕ ಸಿಗುತ್ತೆ.

ಇದಕ್ಕೆ ಪ್ರಾಣಿಗಳಿಲ್ಲದ ಕಥೆಯೂ ಇದೆ. ಕೃಷಿ ವಿಜ್ಞಾನಿ ಕೆ. ಎನ್. ಗಣೇಶಯ್ಯ, ಕಾದಂಬರಿಕಾರರಾಗಿ ನಿಮಗೆ ಹೆಚ್ಚು ಗೊತ್ತಿರ್ತಾರೆ, ಇದನ್ನು ಪರಿಸರದ ದುರಂತವಾಗಿ ನೋಡಿದ್ದಾರೆ. ತಲಕಾಡಿನ ಹತ್ತಿರ ಕಾವೇರಿ ದೊಡ್ಡ ತಿರುವು ತಗೊಳ್ತಾಳೆ. ಅದಕ್ಕಿಂತ ಮೇಲೆ 14ನೇ ಶತಮಾನದಲ್ಲಿ ವಿಜಯನಗರದ ಮಂತ್ರಿ ಮಾಧವ ಕಟ್ಟಿಸಿದ ಅಣೆಕಟ್ಟೆ ಇದೆ, ಮಾಧವಮಂತ್ರಿ ಕಟ್ಟೆ ಅಂತ ಈಗಲೂ ಕರೀತೀವಿ. ಕಟ್ಟೆಯಿಂದ ನೀರಿನ ಹರಿವು ಕಡಿಮೆಯಾಗಿ ನದಿಯ ಮರಳು ಬಯಲಿಗೆ ಬಿತ್ತು, ಒಣಗಿದ ಮರಳನ್ನು ಗಾಳಿ ಎತ್ತಿ ಊರಿನ ಮೇಲೆ ಹಾಕ್ತಾ ಹೋಯಿತು ಅನ್ನೋದು ಅವರ ವಾದ. ನನಗೆ ಇದು ಒಪ್ಪಿಗೆ. ಅಣೆಕಟ್ಟು ಕಟ್ಟಿದವರು ನಾಲೆಯ ಕಡೆಗಿನ ಗದ್ದೆಗಳ ಬಗ್ಗೆ ಯೋಚನೆ ಮಾಡಿರ್ತಾರೆ, ಕೆಳಗಿನ ಊರಿನ ಬಗ್ಗೆ ಮಾಡಿರಲ್ಲ. ಒಂದು ಕಡೆ ಬದಲಾವಣೆ ಮಾಡಿದರೆ ಎಲ್ಲೋ ಇನ್ನೊಂದು ಕಡೆ, ಅದೂ ನಾವು ಕೆಲಸ ಬಿಟ್ಟು ಹೋದ ಎಷ್ಟೋ ಕಾಲದ ಮೇಲೆ, ಒಡೆದುಕೊಳ್ಳೋದು ಸಾಫ್ಟ್‌ವೇರಿನವರಿಗೆ ಹೊಸ ವಿಷಯ ಅಲ್ಲ.

ಆದರೆ ಒಂದು ಗಮನಿಸಿ. ಈ ವೈಜ್ಞಾನಿಕ ಕಥೆಯೂ ಕೊನೆಗೆ ಅದನ್ನೇ ಹೇಳ್ತಿದೆ: ಅಧಿಕಾರದಲ್ಲಿ ಇದ್ದವರು ಮಾಡಿದ ಒಂದು ಕೆಲಸಕ್ಕೆ ಅಲ್ಲಿನ ಜನ ಬೆಲೆ ತೆತ್ತರು. ಮಂತ್ರಿಯ ಹೆಸರು ಕಟ್ಟೆಯ ಮೇಲೆ ಉಳಿಯಿತು. ಶಾಪದ ಹೆಸರು ಮಾತ್ರ ಹೆಂಗಸಿಗೆ ಬಂತು.

ಮೂರನೇ ಶಾಪದ ಡೇಟಾ ಇನ್ನೂ ಮಜವಾಗಿದೆ. ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಮೊದಲ ದಸರೆ ಶುರು ಮಾಡಿದ್ದು 1610ರಲ್ಲೇ. ಹಬ್ಬದ ಹೊಸ್ತಿಲಲ್ಲೇ ಅವರ ಮಗ ತೀರಿಕೊಂಡ. ಮನೆಯಲ್ಲಿ ಸಾವಾದರೂ ದಸರಾ ನಿಲ್ಲಬಾರದು ಅಂತ ಅವತ್ತೇ ಕಟ್ಟಳೆ ಆಯಿತು. ಈ ಸಂಗತಿ ದಸರಾ ಬಗೆಗಿನ ಬರಹಗಳಲ್ಲಿ ನಿಯಮನಿಷ್ಠೆಗೆ ಉದಾಹರಣೆಯಾಗಿ ಬರುತ್ತೆ. ನನಗೆ ಬೇರೆ ಕಾಣುತ್ತೆ. ಗೆದ್ದ ವರ್ಷವೇ ಮಗನನ್ನು ಕಳೆದುಕೊಂಡ ಅಪ್ಪ. 1617ರಲ್ಲಿ ಅವರ ನಂತರ ಪಟ್ಟಕ್ಕೆ ಬಂದದ್ದು ಮಗನಲ್ಲ, ಮೊಮ್ಮಗ. ಆ ಮೊಮ್ಮಗನ ನಂತರ 1637ರಲ್ಲಿ ಬಂದ ಇಮ್ಮಡಿ ರಾಜ ಒಡೆಯರು ತಂದೆ ಸತ್ತ ಮೇಲೆ ಹುಟ್ಟಿದ ಮಗ, ಒಂದೇ ವರ್ಷಕ್ಕೆ ದಳವಾಯಿಯಿಂದ ಕೊಲೆಯಾದರು. ಆಮೇಲೆ ದಾಯಾದಿ ಕವಲಿನಿಂದ ಕಂಠೀರವ ನರಸರಾಜರು ಬಂದರು. ಅವತ್ತಿನ ಜನ ಏನು ಮಾತಾಡಿರ್ತಾರೆ ಅಂತ ಊಹಿಸೋಕೆ ಇತಿಹಾಸಕಾರರೇ ಬೇಕಿಲ್ಲ. ಶಾಪದ ಕಥೆ ನದಿದಡದಲ್ಲಿ ಹುಟ್ಟಿತೋ, ಈ ಸೂತಕದ ಮನೆಯಲ್ಲೇ ಹುಟ್ಟಿತೋ ಅನ್ನೋ ಪ್ರಶ್ನೆ ನನ್ನನ್ನು ಕಾಡುತ್ತೆ.

ಮುಂದೆ ಕಥೆ ಸ್ವಲ್ಪ ಒದ್ದಾಡುತ್ತೆ. ಚಿಕ್ಕದೇವರಾಜರು, ಅವರ ಮಗ ಮೂಕರಸು ಕಂಠೀರವ, ಅವನ ಮಗ ದೊಡ್ಡ ಕೃಷ್ಣರಾಜ. 1673ರಿಂದ 1732ರವರೆಗೆ ಅಪ್ಪ, ಮಗ, ಮೊಮ್ಮಗ ಸಾಲಾಗಿ ಆಳಿದ್ದಾರೆ. ಶಾಪ 60 ವರ್ಷ ರಜೆ ಹಾಕಿದ ಹಾಗೆ. ದೊಡ್ಡ ಕೃಷ್ಣರಾಜರ ನಂತರ ಮತ್ತೆ ದತ್ತು. 1776ರಲ್ಲಿ ಹೈದರಾಲಿ ಅರಸು ಮನೆತನದ ಮಕ್ಕಳನ್ನೆಲ್ಲ ಒಂದೆಡೆ ಬಿಟ್ಟು, ಆಟಿಕೆ ತಿಂಡಿಗಳ ನಡುವೆ ಕಠಾರಿ ಹಿಡಿದ ಮಗುವನ್ನೇ ರಾಜನಾಗಿ ಆರಿಸಿದ ಅಂತ ವಿಲ್ಕ್ಸ್ ಬರೀತಾನೆ. ಅದೂ ಒಂದು ಚೆನ್ನಾಗಿರೋ ಕಥೆ. ಸಿಂಹಾಸನ ಖಾಲಿ ಬಿದ್ದಾಗಲೆಲ್ಲ ಇಲ್ಲಿ ಒಂದು ಕಥೆ ಹುಟ್ಟಿದೆ.

ಆ ಖಾಸಾ ಚಾಮರಾಜರಿಂದ ಮುಂದೆ ಮಾತ್ರ ಲೆಕ್ಕ ಗಡಿಯಾರದ ಹಾಗೆ ನಡೆಯುತ್ತೆ. ಅವರು ಆರಿಸಿ ತಂದವರು, ಅವರ ಮಗ ಮುಮ್ಮಡಿ ಕೃಷ್ಣರಾಜರು. ಮುಮ್ಮಡಿಯವರು 1865ರಲ್ಲಿ ಬೆಟ್ಟದಕೋಟೆ ಅರಸು ಮನೆಯಿಂದ ಚಾಮರಾಜೇಂದ್ರರನ್ನು ದತ್ತು ತಗೊಂಡರು, ಚಾಮರಾಜೇಂದ್ರರ ಮಗ ನಾಲ್ವಡಿ. ನಾಲ್ವಡಿಯವರ ನಂತರ 1940ರಲ್ಲಿ ತಮ್ಮನ ಮಗ ಜಯಚಾಮರಾಜರು, ಅವರ ಮಗ ಶ್ರೀಕಂಠದತ್ತರು. ಶ್ರೀಕಂಠದತ್ತರು 2013ರಲ್ಲಿ ತೀರಿಕೊಂಡ ಮೇಲೆ 2015ರಲ್ಲಿ ಯದುವೀರರು ದತ್ತು ಬಂದರು. ಒಬ್ಬರು ಹೊರಗಿನಿಂದ, ಒಬ್ಬರು ಹುಟ್ಟಿನಿಂದ, ಮತ್ತೆ ಒಬ್ಬರು ಹೊರಗಿನಿಂದ. ಅದಕ್ಕೇ ಈಗ ಮೈಸೂರಿನಲ್ಲಿ ಯಾರನ್ನೇ ಕೇಳಿ, ಶಾಪ ಇರೋದು ತಲೆಮಾರು ಬಿಟ್ಟು ತಲೆಮಾರಿಗೆ ಅಂತಾರೆ. ಕಥೆಯಲ್ಲಿ ಹಾಗೆ ಎಲ್ಲೂ ಇಲ್ಲ! ಮಕ್ಕಳೇ ಆಗಬಾರದು ಅಂತ ಅವಳು ಅಂದಿದ್ದು. ಕಥೆ ತಾನೇ ವರ್ಷನ್ ಅಪ್‌ಡೇಟ್ ಮಾಡಿಕೊಂಡಿದೆ, ಕೊನೆಯ 250 ವರ್ಷದ ಡೇಟಾಕ್ಕೆ ಸರಿಯಾಗಿ. ನಮ್ಮಲ್ಲಿ ಇದಕ್ಕೆ ಓವರ್‌ಫಿಟಿಂಗ್ ಅಂತ ಕರೀತಾರೆ. 2017ರ ಡಿಸೆಂಬರಿನಲ್ಲಿ ಯದುವೀರರಿಗೆ ಮಗ ಹುಟ್ಟಿದಾಗ ಟೀವಿಯವರು ಶಾಪ ವಿಮೋಚನೆ ಅಂದರು. ನಮ್ಮ ಕ್ಯಾಬಿನ ಡ್ರೈವರ್ ಒಪ್ಪಲಿಲ್ಲ. "ದತ್ತು ಬಂದೋರ್ಗೆ ಯಾವತ್ತೂ ಆಯ್ತದೆ ಸಾರ್, ಸರಿಯಾಗಿ ಲೆಕ್ಕ ಹಾಕಿ" ಅಂದರು. ಲೆಕ್ಕದ ಪ್ರಕಾರ ಅವರೇ ಸರಿ.

ಮುಮ್ಮಡಿಯವರ ಕಾಲದಲ್ಲಿ ಇದು ಹರಟೆಯ ವಿಷಯ ಆಗಿರಲಿಲ್ಲ ಅನ್ನೋದನ್ನು ಮರೀಬಾರದು. ಬ್ರಿಟಿಷರು 1831ರಲ್ಲೇ ಆಡಳಿತ ಕಿತ್ತುಕೊಂಡಿದ್ದರು. ಹುಟ್ಟಿದ ಮಗ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಸತಾರಾ, ನಾಗಪುರ, ಝಾನ್ಸಿ ರಾಜ್ಯಗಳು ಆಗಲೇ ಮುಳುಗಿದ್ದವು. ಅಲ್ಲೆಲ್ಲ ಯಾವ ಅಲಮೇಲಮ್ಮನೂ ಶಾಪ ಹಾಕಿರಲಿಲ್ಲ, ಡಾಲ್‌ಹೌಸಿಯ ಕಾನೂನು ಸಾಕಾಗಿತ್ತು. ಮೈಸೂರಿನ ದತ್ತು ಸ್ವೀಕಾರಕ್ಕೆ ಬ್ರಿಟಿಷರ ಒಪ್ಪಿಗೆ ಸಿಕ್ಕಿದ್ದು 1867ರಲ್ಲಿ, ಮುದುಕರಾದ ದೊರೆ ಸಾಯೋದಕ್ಕೆ ಒಂದು ವರ್ಷ ಮುಂಚೆ. ಹಾಗೆ ಉಳಿದುಕೊಂಡ ಮನೆಗೆ ಬಂದ ದತ್ತುಮಗನೇ 1892ರಲ್ಲಿ ನಮ್ಮ ಮೈಸೂರು ಝೂ ಶುರು ಮಾಡಿದ್ದು. ಪೈ ಪಟೇಲನ ಅಪ್ಪನಿಗೆ ಗೊತ್ತಿದ್ದರೆ ಖುಷಿಪಡ್ತಿದ್ದ.

ಇನ್ನೊಂದು ಲೆಕ್ಕ ಈ ಕಥೆ ಇಡೋದೇ ಇಲ್ಲ. ಜಯಚಾಮರಾಜರಿಗೆ ಐದು ಜನ ಹೆಣ್ಣುಮಕ್ಕಳು. ಯದುವೀರರು ಅವರಲ್ಲಿ ಹಿರಿಯರಾದ ಗಾಯತ್ರಿದೇವಿಯವರ ಮಗಳ ಮಗ. ರಕ್ತ ಎಲ್ಲೂ ನಿಂತಿಲ್ಲ, ಹೆಣ್ಣುಮಕ್ಕಳ ಮೂಲಕ ಹರಿದು ಬಂದಿದೆ. ಹೆಂಗಸು ಹಾಕಿದಳು ಅನ್ನೋ ಶಾಪದಲ್ಲೂ ಮಕ್ಕಳು ಅಂದರೆ ಗಂಡುಮಕ್ಕಳು ಮಾತ್ರ. ಇದನ್ನು ಅವಳೇ ಹಾಗೆ ಅಂದಿರ್ತಾಳಾ?

ನಮ್ಮಜ್ಜಿಯ ಕಥೆಯಲ್ಲಿ ರಾಜವಂಶದ ಈ ಲೆಕ್ಕ ಯಾವುದೂ ಇರಲಿಲ್ಲ. ರಾಜ ಒಡೆಯರ ಹೆಸರೂ ಇರಲಿಲ್ಲ, ಬರೀ "ಮೈಸೂರೋರು". ಅವಳಿಗೆ ಮುಖ್ಯ ಆಗಿದ್ದದ್ದು ಒಡವೆ. ಈ ಕಥೆಯನ್ನು ಅವಳು ಪೂರ್ತಿ ಹೇಳಿದ ಒಂದು ರಾತ್ರಿ ನನಗೆ ಚೆನ್ನಾಗಿ ನೆನಪಿದೆ. ನನಗೆ ಒಂಬತ್ತೋ ಹತ್ತೋ. ದೊಡ್ಡಮ್ಮನ ಗಂಡ ತೀರಿಕೊಂಡು ತಿಂಗಳಾಗಿತ್ತು. ದೊಡ್ಡಮ್ಮನ ಮೈದುನಂದಿರು ಬಂದು, ಕಾಸಿನ ಸರ ನಮ್ಮ ಮನೆಯದು, ಹಬ್ಬಕ್ಕೆ ದೇವರಿಗೆ ಹಾಕ್ತಿದ್ದ ಸರ, ಅದು ಮನೆಯಲ್ಲೇ ಇರಬೇಕು ಅಂತ ಕೇಳಿ ಹೋಗಿದ್ದರು. ಮಾತು ಜೋರೇನೂ ಆಗಲಿಲ್ಲ, ಕಾಫಿ ಕುಡಿದೇ ಹೋದರು. ಅವತ್ತು ರಾತ್ರಿ ಜಗುಲಿಯ ಮೇಲೆ ಮಕ್ಕಳನ್ನೆಲ್ಲ ಕೂರಿಸಿಕೊಂಡು ಅಜ್ಜಿ ಶುರು ಮಾಡಿದಳು. ಕೇಳಿಸಿಕೊಳ್ಳಬೇಕಾದವಳು ಒಳಗೆ ಮಲಗಿದ್ದಳು.

"ಗಂಡ ಸತ್ತೋಳ್ಗೆ ಒಡವೆ ಯಾಕಮ್ಮ ಅಂದ್ರಂತೆ ಕನಪ್ಪ. ದೇವ್ರುಗ್ ಹಾಕ್ತಿದ್ದದ್ದು, ದೇವ್ರುಗೇ ಕೊಟ್ಬುಡು ಅಂದ್ರಂತೆ. ದೇವ್ರು ಕೇಳಿತ್ತಾ? ಕೇಳ್ದೋರು ಮೈಸೂರೋರು."

ಹಯವದನರಾಯರ ಸಂಪುಟಗಳನ್ನು ಓದುವಾಗಲೂ ಈ ಮಾತು ನನ್ನ ತಲೆಯಲ್ಲಿ ಓಡ್ತಿತ್ತು. ಮೂಲದಲ್ಲಿ ಇದು ಒಂದು ಆಸ್ತಿ ವ್ಯಾಜ್ಯ. ವಾರಕ್ಕೆರಡು ದಿನ ದೇವಿಯ ಮೈಮೇಲೆ ಇರ್ತಿದ್ದ ಒಡವೆ ದೇವಸ್ಥಾನದ್ದಾ, ಕೊಟ್ಟು ವಾಪಸ್ ತಗೊಳ್ತಿದ್ದವಳದ್ದಾ? ಧರ್ಮಶಾಸ್ತ್ರದಲ್ಲಿ ಸ್ತ್ರೀಧನ ಅನ್ನೋ ಪದ ಇದೆ, ಹೆಣ್ಣಿನ ಒಡವೆ ಹೆಣ್ಣಿನದು. ಆದರೆ ವಿಧವೆಯ ಒಡವೆ ಕೇಳುವವರು ನೇರವಾಗಿ ನಮಗೆ ಬೇಕು ಅಂತ ಯಾವತ್ತೂ ಕೇಳಲ್ಲ. ದೇವರಿಗೆ, ಮನೆತನಕ್ಕೆ, ಸಂಪ್ರದಾಯಕ್ಕೆ ಅಂತ ಕೇಳ್ತಾರೆ. ಗಂಡ ಇಲ್ಲ, ಕೋಟೆ ಇಲ್ಲ, ಊರಲ್ಲದ ಊರು. ಅಲಮೇಲಮ್ಮನ ಕೈಯಲ್ಲಿ ಉಳಿದ ಬದುಕು ಅಂದರೆ ಆ ಗಂಟು ಮಾತ್ರ. ಪೈಗೆ ಲೈಫ್‌ಬೋಟಿನಲ್ಲಿ ಬಿಸ್ಕತ್ತಿನ ಡಬ್ಬ ಇದ್ದ ಹಾಗೆ.

ದೊಡ್ಡಮ್ಮ ಸರ ಕೊಡಲಿಲ್ಲ. ಆ ಕಥೆ ಕೇಳಿದ್ದಕ್ಕೇ ಅಂತ ನಾನು ಹೇಳಲ್ಲ, ಅವಳು ಮೊದಲೇ ಗಟ್ಟಿಗಿತ್ತಿ. ಆದರೆ ಅಜ್ಜಿ ನಂಬಿದ್ದಳು. ಶಾಪ ಫಲಿಸುತ್ತೆ ಅಂತ ನಂಬೋದಕ್ಕೂ, ಹೀಗೆ ಕಿತ್ತುಕೊಂಡವರಿಗೆ ಏನಾದರೂ ಆಗಲೇಬೇಕು ಅಂತ ನಂಬೋದಕ್ಕೂ ಅವಳಲ್ಲಿ ವ್ಯತ್ಯಾಸ ಇರಲಿಲ್ಲ. ಕೋರ್ಟು ಪೊಲೀಸು ಅವಳ ಅಳವಿಗೆ ಮೀರಿದ್ದು. ನಮ್ಮ ಸೀಮೆಯಲ್ಲಿ ಎಷ್ಟು ಅಜ್ಜಿಯರು ಎಷ್ಟು ಜಗುಲಿಗಳ ಮೇಲೆ ಈ ಕಥೆಯನ್ನು ಯಾವ ಕಾರಣಕ್ಕೆ ಹೇಳಿದ್ದಾರೋ. ಅರಮನೆಯ ವಂಶಾವಳಿಯಲ್ಲಿ ಇರೋ ಅಲಮೇಲಮ್ಮ ಬೇರೆ, ಇವಳು ಬೇರೆ. ಒಂದರಲ್ಲಿ ಅವಳು ದೊರೆಗಳಿಗೆ ಬಂದ ಕಷ್ಟದ ಕಾರಣ, ಇನ್ನೊಂದರಲ್ಲಿ ಕಷ್ಟ ಬಂದಿದ್ದೇ ಅವಳಿಗೆ.

ಅದಕ್ಕೇ ಮಾರ್ಟೆಲ್‌ನ ಪ್ರಶ್ನೆಯಲ್ಲಿ ನನಗೆ ಏನೋ ಕೊರತೆ ಕಾಣೋದು. ಯಾವ ಕಥೆ ಚೆನ್ನಾಗಿದೆ ಅಂತ ಕೇಳಿಸಿಕೊಳ್ಳೋರು ಕೋಣೆಯಲ್ಲಿ ಆರಾಮಾಗಿ ಕೂತ ಅಧಿಕಾರಿಗಳು. ಅವರಿಗೆ ಎರಡೂ ಒಂದೇ, ವರದಿ ಮುಗಿದರೆ ಊರಿಗೆ ಹೋಗ್ತಾರೆ. ಹಾಗಂತ ಪುಸ್ತಕ ನನಗೆ ಇಷ್ಟ ಇಲ್ಲ ಅಂತಲ್ಲ, ಎರಡು ಸಲ ಓದಿದೀನಿ.

ಮೂರು ಶಾಪಗಳಲ್ಲಿ ಎರಡನ್ನೇ ನೋಡಿದೆವು. ಮಾಲಂಗಿಯ ಮಡುವಿನ ಬಗ್ಗೆ ಯಾರೂ ಜಾಸ್ತಿ ಬರೆಯಲ್ಲ. ಮರಳಿಗೆ ಪ್ರವಾಸಿಗರಿದ್ದಾರೆ, ರಾಜರಿಗೆ ಟೀವಿಯವರಿದ್ದಾರೆ. 2020ರ ಡಿಸೆಂಬರಿನಲ್ಲಿ ಪಂಚಲಿಂಗ ದರ್ಶನ ನಡೆದಾಗ ಕೋವಿಡ್ ನಿರ್ಬಂಧ ಇತ್ತು, ನಮ್ಮ ಮನೆಯಿಂದ ಯಾರೂ ಹೋಗಲಿಲ್ಲ. ಜನಜಂಗುಳಿ ಎಲ್ಲ ಮುಗಿದ ಮೇಲೆ, ಬೇಸಿಗೆ ಶುರುವಾಗೋ ಹೊತ್ತಿಗೆ ಒಂದು ಭಾನುವಾರ ಬೈಕ್ ತಗೊಂಡು ಹೋದೆ. ಪಾತಾಳೇಶ್ವರನ ಗುಡಿಗೆ ಮರಳಿನಲ್ಲಿ ಮೆಟ್ಟಿಲಿಳಿದು ಹೋಗಿ ಬಂದು, ಹಾಗೇ ಮಾಲಂಗಿ ಕಡೆ ಹೊರಟೆ. ನದಿಯಲ್ಲಿ ಬಂಡೆ ಎದ್ದು ಕಾಣ್ತಿತ್ತು. ಎತ್ತಿನ ಮೈ ತೊಳೀತಿದ್ದ ಯಜಮಾನರೊಬ್ಬರನ್ನು ಮಡು ಎಲ್ಲಿ ಅಂತ ಕೇಳಿದೆ.

ಅವರು ಮೊದಲು ನಾನು ಯಾವೂರವನು ಅಂತ ವಿಚಾರಿಸಿದರು. ಆಮೇಲೆ ಎತ್ತಿನ ಬೆನ್ನಿನ ಮೇಲೆ ಕೈ ಇಟ್ಟುಕೊಂಡೇ ತಿರುವಿನ ಕಡೆ ಮುಖ ಮಾಡಿ ತೋರಿಸಿದರು. ಅಲ್ಲಿ ನೀರು ಮಂಡಿವರೆಗೂ ಇದ್ದ ಹಾಗೆ ಕಾಣಲಿಲ್ಲ.

"ಈಗೇನ್ ಕಾಣ್ತದಪ್ಪ" ಅಂದರು. "ಕನ್ನಂಬಾಡೀಲಿ ನೀರ್ ಬುಡ್ಲಿ, ಆಗ್ ಬಾ. ಈ ಕಡಿಂದ ಇಳಿಬ್ಯಾಡ, ಆ ಕಡೆ ನಿಂತ್ಕಂಡು ನೋಡು."